ಗಿಳಿಹಸಿರು ಸೀರೆ ಬಿಳಿಯಾಯಿತು: ಇನ್‌ಫ್ರಾರೆಡ್ ಫಿಲ್ಮ್ ಎಫೆಕ್ಟ್ ಬಗ್ಗೆ ಸಹಾಯ ಬೇಕು

ಏಳುಸುತ್ತು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಒಂದು ಫೋಟೋದಿಂದ ಮನೆಯಲ್ಲಿ ಜಗಳ ಆಗಿದೆ. ಅದಕ್ಕೆ ಇಲ್ಲಿಗೆ ಬಂದೆ.

ತಂಗಿಯ ನಿಶ್ಚಿತಾರ್ಥ ಆದ ಮರುದಿನ ಅವಳನ್ನೂ ಹುಡುಗನನ್ನೂ ಕೋಟೆಗೆ ಕರೆದುಕೊಂಡು ಹೋಗಿದ್ದೆ. ರೇಷ್ಮೆ ಸೀರೆ ಉಟ್ಟುಕೊಂಡೇ ಮೇಲೆ ಹತ್ತಿದಳು, ಅದಕ್ಕೇ ಅವಳಿಗೊಂದು ಬಹುಮಾನ ಕೊಡಬೇಕು. ಮಳೆ ಬಂದು ನಾಲ್ಕು ದಿನ ಆಗಿತ್ತು. ಬಂಡೆ ಸಂದಿಯಲ್ಲೆಲ್ಲ ಹಸಿರು. ಗೋಪಾಲಸ್ವಾಮಿ ಹೊಂಡದ ಹತ್ತಿರ ಇಬ್ಬರನ್ನೂ ನಿಲ್ಲಿಸಿ ಹತ್ತಿಪ್ಪತ್ತು ಫೋಟೋ ತೆಗೆದೆ.

ಹುಡುಗನಿಗೆ ಹಳೆಯ ಇನ್‌ಫ್ರಾರೆಡ್ ಫೋಟೋಗಳ, ಅಂದರೆ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿನಲ್ಲಿ ತೆಗೆದ ಫೋಟೋಗಳ ಹುಚ್ಚು. ಮರ ಬೆಳ್ಳಗೆ, ಆಕಾಶ ಕಪ್ಪಗೆ, ಹಿಮ ಬಿದ್ದ ಹಾಗೆ ಇರುತ್ತದಲ್ಲ, ಹಾಗೆ ಮಾಡಿಕೊಡಿ ಎಂದ. ಫೋಟೋಶಾಪ್‌ನ ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಇನ್‌ಫ್ರಾರೆಡ್ ಎಂಬ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಇದೆ. ಒತ್ತಿದೆ. ಗಿಡಮರ ಬೆಳ್ಳಗಾಯಿತು. ತಂಗಿಯ ಗಿಳಿಹಸಿರು ಸೀರೆಯೂ ಬೆಳ್ಳಗಾಯಿತು. ನನಗೆ ಅದು ಹೊಳೆಯಲೇ ಇಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಗೆ ತಂದೆ. ಅಜ್ಜಿ ನೋಡಿದವಳೇ, "ಹಸೆಮಣೆ ಏರೋ ಹುಡುಗಿಗೆ ಬಿಳಿ ಸೀರೆ ಉಡಿಸಿದ್ದೀಯಲ್ಲೋ" ಎಂದು ಶುರು ಮಾಡಿದಳು. ಈಗ ಫೋಟೋ ಬೀರುವಿನ ಹಿಂದೆ, ಮುಖ ಗೋಡೆ ಕಡೆ ಮಾಡಿ ನಿಂತಿದೆ.

ಸೀರೆ ಒಂದನ್ನೇ ಸರಿ ಮಾಡುವುದು ಹೇಗೆ? ಇನ್ನೊಂದು, ಆಕಾಶದಲ್ಲಿ ಚೌಕ ಚೌಕ ಕಲೆ ಬಂದಿದೆ. ಮತ್ತೆ ಎಲ್ಲ ಸೇರಿ ಯಾಕೋ ಫಿಲ್ಮ್ ತರ ಕಾಣುವುದಿಲ್ಲ, ಮರಕ್ಕೆ ಸುಣ್ಣ ಬಳಿದ ಹಾಗಿದೆ.

ಬೆಣ್ಣೆದೋಸೆ_50ಎಂಎಂ, ದಾವಣಗೆರೆ

ಅಜ್ಜಿ ಹೇಳಿದ್ದು ಸರಿಯಾಗಿಯೇ ಇದೆ ಬಿಡಿ. 😄

ಆ ಪ್ರಿಸೆಟ್ ಏನು ಮಾಡುತ್ತದೆ ಎಂದು ಮೊದಲು ನೋಡೋಣ. ಹಳದಿ ಮತ್ತು ಹಸಿರು ಸ್ಲೈಡರ್‌ಗಳನ್ನು ಸಿಕ್ಕಾಪಟ್ಟೆ ಮೇಲೆ ಎತ್ತುತ್ತದೆ, ಉಳಿದವನ್ನು ಕೆಳಗೆ ಇಳಿಸುತ್ತದೆ, ಅಷ್ಟೇ. ಹಳದಿ ಯಾಕೆ ಅಂದರೆ, ನಮ್ಮ ಕಣ್ಣಿಗೆ ಹಸಿರು ಅನ್ನಿಸುವ ಎಲೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಅರ್ಧ ಹಳದಿ. ಬರೀ ಹಸಿರು ಸ್ಲೈಡರ್ ಎತ್ತಿ ನೋಡಿ, ಮರ ಅಷ್ಟೇನೂ ಬದಲಾಗುವುದಿಲ್ಲ.

ನಾನು ಪ್ರಿಸೆಟ್ ಬಿಟ್ಟು ಚಾನೆಲ್ ಮಿಕ್ಸರ್ ಬಳಸುತ್ತೇನೆ. ಕೆಂಪು, ಹಸಿರು, ನೀಲಿ ಶೇಕಡಾ ಎಷ್ಟೆಷ್ಟು ಸೇರಬೇಕು ಎಂದು ಅದರಲ್ಲಿ ನಾವೇ ಹೇಳಬಹುದು. ಮೊನೋಕ್ರೋಮ್ ಟಿಕ್ ಮಾಡಿ, ಕೆಂಪು 0, ಹಸಿರು 200, ನೀಲಿ ಮೈನಸ್ 100. ಮೂರೂ ಕೂಡಿದರೆ 100 ಆಗಬೇಕು, ಹಾಗಿದ್ದರೆ ಬಿಳಿ ಮೋಡ ಬಿಳಿಯಾಗಿಯೇ ಉಳಿಯುತ್ತದೆ. ನನ್ನದೇ ಒಂದು ಫೋಟೋದಲ್ಲಿ ಹುಣಸೆ ಎಲೆ ಮೇಲೆ ಬಣ್ಣ ಅಳೆಯುವ ಐಡ್ರಾಪರ್ ಇಟ್ಟರೆ ಕೆಂಪು 80, ಹಸಿರು 110, ನೀಲಿ 50 ಬರುತ್ತದೆ. ಹಸಿರಿನ ಎರಡರಷ್ಟು 220, ಅದರಲ್ಲಿ ನೀಲಿ 50 ಕಳೆದರೆ 170. ಆಕಾಶ 110, 160, 220 ಇತ್ತು. 320ರಲ್ಲಿ 220 ಹೋದರೆ 100. ನೋಡಿ, ಎಲೆಗಿಂತ ಬೆಳ್ಳಗಿದ್ದ ಆಕಾಶ ಈಗ ಎಲೆಗಿಂತ ಕಪ್ಪು. ಇಡೀ ಮ್ಯಾಜಿಕ್ ಇಷ್ಟೇ.

ಈಗ ನಿಮ್ಮ ಸೀರೆಗೆ ಬನ್ನಿ. ಗಿಳಿಹಸಿರು ಅಂದರೆ ಸುಮಾರು 90, 170, 60 ಇರಬಹುದು. 340ರಲ್ಲಿ 60 ಕಳೆದರೆ 280. ಇರುವುದೇ 255ರ ತನಕ. ಎಲೆಗಿಂತ ಸೀರೆಯೇ ಜಾಸ್ತಿ ಬಿಳಿ!

ಗಾಳಿಯಂತ್ರ, ಚಿತ್ರದುರ್ಗ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದು ಇನ್‌ಫ್ರಾರೆಡ್ ಅಲ್ಲವೇ ಅಲ್ಲ. ಹಸಿರು ಬಣ್ಣವನ್ನು ಬೆಳ್ಳಗೆ ಮಾಡುವುದು ಅಷ್ಟೇ. ಹಸಿರು ಪೇಂಟ್ ಬಳಿದ ಕಬ್ಬಿಣದ ಗೇಟೂ ಬೆಳ್ಳಗಾಗುತ್ತದೆ, ಹಸಿರು ಪ್ಲಾಸ್ಟಿಕ್ ಕೊಡವೂ ಬೆಳ್ಳಗಾಗುತ್ತದೆ. ಸುಮ್ನೆ ಒಂದು 720 ನ್ಯಾನೋಮೀಟರ್ ಫಿಲ್ಟರ್ ತೆಗೆದುಕೊಳ್ಳಿ, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ ಬಿಡುವಂಥದ್ದು. ಹೋಯಾ ಆರ್72 ತರದ್ದು. ಲೆನ್ಸ್ ಮುಂದೆ ಹಾಕಿ, ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ತೆಗೆಯಿರಿ. ನಿಜವಾದದ್ದು ಸಿಗುತ್ತದೆ.

ಏಳುಸುತ್ತು

ಅಣ್ಣಾ, ಕೋಟೆಯೊಳಗೆ ಸ್ಟ್ಯಾಂಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದು ಒಂದು. ಎರಡನೆಯದು, ನಿಮ್ಮ ಹೆಸರೇ ಗಾಳಿಯಂತ್ರ. ದುರ್ಗದ ಗುಡ್ಡದ ಮೇಲೆ ಗಾಳಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾ? ಆ ಫಿಲ್ಟರ್ ಹಾಕಿದರೆ ಮಟಮಟ ಮಧ್ಯಾಹ್ನವೂ ಸೆಕೆಂಡುಗಟ್ಟಲೆ ಎಕ್ಸ್‌ಪೋಶರ್ ಬೇಕು. ಅಷ್ಟರಲ್ಲಿ ಬೇವಿನ ಮರ ಹತ್ತು ಸಲ ತಲೆ ತೂಗಿರುತ್ತದೆ, ತಂಗಿ ಇಪ್ಪತ್ತು ಸಲ ಸೆರಗು ಸರಿ ಮಾಡಿಕೊಂಡಿರುತ್ತಾಳೆ.

ಗಾಳಿಯಂತ್ರ

ಅದಕ್ಕೇ ನಾನು ಹಳೆಯ ಕ್ಯಾಮೆರಾ ಒಂದನ್ನು ಬಿಚ್ಚಿಸಿ, ಸೆನ್ಸರ್ ಮುಂದಿನ ಇನ್‌ಫ್ರಾರೆಡ್ ತಡೆಯುವ ಗಾಜು ತೆಗೆಸಿದ್ದೇನೆ. ಆ ಜಾಗದಲ್ಲಿ 720ರ ಫಿಲ್ಟರ್ ಕೂರಿಸಿದೆ. ಈಗ ಕೈಯಲ್ಲೇ ಹಿಡಿದು ತೆಗೆಯಬಹುದು. ಆದರೆ ಒಪ್ಪುತ್ತೇನೆ, ಆ ಕ್ಯಾಮೆರಾ ಇನ್ನು ಬೇರೆ ಯಾವುದಕ್ಕೂ ಬರುವುದಿಲ್ಲ. ನಿಮ್ಮ ಗಾಳಿಯ ಮಾತೂ ಸರಿ.

ಕುಂದವಾಡ_ಕೆರೆ, ದಾವಣಗೆರೆ

ನಡುವೆ ಒಂದು ದಡ್ಡ ಪ್ರಶ್ನೆ. ಇನ್‌ಫ್ರಾರೆಡ್ ಅಂದರೆ ಜ್ವರ ನೋಡುವ ಕ್ಯಾಮೆರಾ ತರ ಬಿಸಿ ಕಾಣಿಸುವುದು ಅಲ್ವಾ? ಮರ ಏನು ಅಷ್ಟು ಬಿಸಿ ಇರುತ್ತದಾ?

ಕಳ್ಳಿಗಿಡ, ಚಿತ್ರದುರ್ಗ

ದಡ್ಡ ಪ್ರಶ್ನೆ ಅಲ್ಲ, ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ನಾನು ಸಸ್ಯಶಾಸ್ತ್ರ ಪಾಠ ಮಾಡುವವಳು, ಫೋಟೋಗ್ರಫಿ ಹವ್ಯಾಸ.

ಬಿಸಿ ತೋರಿಸುವ ಕ್ಯಾಮೆರಾ ನೋಡುವುದು ತುಂಬಾ ಉದ್ದದ ಅಲೆಗಳನ್ನು, ಸುಮಾರು 8ರಿಂದ 14 ಮೈಕ್ರೋಮೀಟರ್. ಫಿಲ್ಮ್ ನೋಡುತ್ತಿದ್ದದ್ದು ಕೆಂಪಿನ ಪಕ್ಕದ ಮನೆಯನ್ನು ಮಾತ್ರ, 700ರಿಂದ 900 ನ್ಯಾನೋಮೀಟರ್. ಎರಡಕ್ಕೂ ಹತ್ತು ಪಟ್ಟು ಅಂತರ. ಫಿಲ್ಮಿಗೆ ಮರದ ಬಿಸಿ ಗೊತ್ತೇ ಆಗುವುದಿಲ್ಲ. ಅದಕ್ಕೆ ಕಾಣುವುದು ಎಲೆಗೆ ಬಡಿದು ವಾಪಸ್ ಬಂದ ಬಿಸಿಲು.

ಎಲೆಯ ಹಸಿರು, ಅಂದರೆ ಪತ್ರಹರಿತ್ತು, ಕೆಂಪು ಮತ್ತು ನೀಲಿ ಬೆಳಕನ್ನು ನುಂಗುತ್ತದೆ. ಕೆಂಪು ದಾಟಿದ ಬೆಳಕು ಅದಕ್ಕೆ ಬೇಡ, ಸೀದಾ ಒಳಗೆ ಬಿಡುತ್ತದೆ. ಒಳಗೆ ಸ್ಪಂಜಿನ ಹಾಗಿರುವ ಜೀವಕೋಶಗಳ ಪದರ ಇದೆ. ಕೋಶ, ಗಾಳಿ, ಕೋಶ, ಗಾಳಿ. ಬೆಳಕು ಅಲ್ಲಿ ಸಿಕ್ಕಿಕೊಂಡು ದಿಕ್ಕು ತಪ್ಪಿ ಹೊರಗೆ ಚಿಮ್ಮುತ್ತದೆ. ಹತ್ತಿ ಬೆಳ್ಳಗೆ ಕಾಣುವ ಹಾಗೆಯೇ ಇದೂ. ಎಲೆ ಬೆಳ್ಳಗೆ ಬರುವ ಈ ಗುಣಕ್ಕೆ ವುಡ್ ಎಫೆಕ್ಟ್ ಎನ್ನುತ್ತಾರೆ. ವುಡ್ ಅಂದರೆ ಮರ ಎಂದುಕೊಳ್ಳಬೇಡಿ, 1910ರಲ್ಲಿ ಇಂಥ ಫೋಟೋಗಳನ್ನು ಪ್ರಕಟಿಸಿದ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿಯ ಹೆಸರು ಅದು. ನಾನೂ ಬಹಳ ದಿನ ಮರ ಎಂದೇ ಅಂದುಕೊಂಡಿದ್ದೆ!

ಆಕಾಶ ಕಪ್ಪಾಗುವುದಕ್ಕೆ ಕಾರಣ ಬೇರೆ. ಗಾಳಿ ನೀಲಿಯನ್ನು ಚೆನ್ನಾಗಿ ಚದುರಿಸುತ್ತದೆ, ಇನ್‌ಫ್ರಾರೆಡ್ ಅನ್ನು ಹೆಚ್ಚುಕಡಿಮೆ ಚದುರಿಸುವುದೇ ಇಲ್ಲ. ಮೇಲಿಂದ ಏನೂ ಬರದಿದ್ದ ಮೇಲೆ ಕಪ್ಪೇ ತಾನೇ.

ಇಷ್ಟು ಹೇಳಿದ್ದು ಯಾಕೆಂದರೆ, ಎಡಿಟಿಂಗ್ ಮಾಡುವಾಗ ಇದು ನೆನಪಿರಬೇಕು. ಮಾಮೂಲಿ ಫೋಟೋದಲ್ಲಿ ಆ ಸ್ಪಂಜಿನ ಸುದ್ದಿಯೇ ಇಲ್ಲ. ಇರುವುದು ಬಣ್ಣ ಮಾತ್ರ. ಯಾವುದು ಎಲೆ, ಯಾವುದು ಸೀರೆ ಎಂದು ಗೊತ್ತಿರುವುದು ನಿಮಗೆ. ಅದನ್ನು ನೀವೇ ಮಾಸ್ಕ್ (ಎಲ್ಲಿ ಬದಲಾಗಬೇಕು, ಎಲ್ಲಿ ಬೇಡ ಎಂದು ಹೇಳುವ ಮುಸುಕು) ಎಳೆದು ಹೇಳಬೇಕು.

ಬೆಣ್ಣೆದೋಸೆ_50ಎಂಎಂ

ಮೇಡಂ ಹೇಳಿದ್ದೇ ನಾನೂ ಹೇಳಬೇಕೆಂದಿದ್ದೆ. ಸೀರೆಗೆ ಮಾಸ್ಕ್ ಹಾಕಿ. ಚಾನೆಲ್ ಮಿಕ್ಸರ್ ಲೇಯರ್‌ನ ಮಾಸ್ಕ್ ಮೇಲೆ ಸೀರೆ ಇರುವ ಕಡೆ ಕಪ್ಪು ಬಳಿಯಿರಿ. ಅದರ ಮೇಲೆ ಮೊನೋಕ್ರೋಮ್ ಟಿಕ್ ಮಾಡಿದ ಇನ್ನೊಂದು ಚಾನೆಲ್ ಮಿಕ್ಸರ್ ಲೇಯರ್ ಹಾಕಿ. ಕಣ್ಣಿಗೆ ಒಪ್ಪುವ ಮಾಮೂಲಿ ಲೆಕ್ಕ ಕೆಂಪು 30, ಹಸಿರು 59, ನೀಲಿ 11. ಆ ಲೆಕ್ಕದಲ್ಲಿ ನಿಮ್ಮ ಸೀರೆ 134ರ ಆಸುಪಾಸು ಬರುತ್ತದೆ. ನಡುವಿನ ಬೂದು. ಅಜ್ಜಿ ಬೈಯುವಷ್ಟು ಬಿಳಿಯಲ್ಲ.

ಮುಖವನ್ನೂ ನೋಡಿಕೊಳ್ಳಿ. 200, ಮೈನಸ್ 100 ಹಾಕಿದರೆ ತುಟಿ ಕಪ್ಪಾಗುತ್ತದೆ, ಕುಂಕುಮ ಇದ್ದಿಲ ಚುಕ್ಕೆ ಆಗುತ್ತದೆ. ಎರಡರಲ್ಲೂ ಹಸಿರಿನ ಅಂಶ ಕಡಿಮೆ ಅಲ್ವಾ, ಅದಕ್ಕೆ.

ಗಾಳಿಯಂತ್ರ

ಸರಿಯಾಗಿ ಉಲ್ಟಾ! ನಿಜವಾದ ಇನ್‌ಫ್ರಾರೆಡ್‌ನಲ್ಲಿ ತುಟಿ ಮಾಸಿ ಚರ್ಮದ ಜೊತೆಗೇ ಸೇರಿಕೊಳ್ಳುತ್ತದೆ. ಚರ್ಮ ಮೇಣದ ಹಾಗೆ ನುಣುಪು, ಕಣ್ಣು ಮಾತ್ರ ಗಾಢ ಕಪ್ಪು. ಹಾಗೆ ಬೇಕಾದರೆ ಮುಖದ ಮೇಲೆ ಬೇರೆ ಮಿಕ್ಸರ್ ಹಾಕಿ, ಅದರಲ್ಲಿ ಕೆಂಪನ್ನೇ ಜಾಸ್ತಿ ಮಾಡಿ.

ಕತ್ತಲೆಕೋಣೆ, ದಾವಣಗೆರೆ

ಮಕ್ಕಳೇ, ತಡವಾಗಿ ಬಂದೆ. ಸ್ಟುಡಿಯೋ ಮುಚ್ಚಿ ವರ್ಷಗಳಾದವು, ಆದರೆ ಇಂಥ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ.

ಕೊಡಾಕ್‌ನವರ ಹೈ ಸ್ಪೀಡ್ ಇನ್‌ಫ್ರಾರೆಡ್ ಎಂಬ ಫಿಲ್ಮ್ ಇತ್ತು. ಎಚ್‌ಐಇ ಎನ್ನುತ್ತಿದ್ದರು. 2007ರಲ್ಲಿ ನಿಲ್ಲಿಸಿದರು. ನನ್ನ ಕೈಗೆ ಸಿಕ್ಕಿದ್ದು ಒಂದೇ ರೋಲ್, ಹೊರದೇಶದಲ್ಲಿದ್ದ ನೆಂಟರೊಬ್ಬರು ತಂದುಕೊಟ್ಟದ್ದು. ಡಬ್ಬಿಯ ಮೇಲೆ ಪೂರ್ತಿ ಕತ್ತಲಲ್ಲೇ ತೆರೆಯಿರಿ ಎಂದು ಬರೆದಿತ್ತು. ನಾನು ಎಷ್ಟು ಫಿಲ್ಮ್ ನೋಡಿಲ್ಲ ಎಂಬ ಧಿಮಾಕು. ಮರದ ನೆರಳಲ್ಲಿ ನಿಂತು, ಕೋಟು ಮುಚ್ಚಿಕೊಂಡು ಲೋಡ್ ಮಾಡಿದೆ. ಡೆವಲಪ್ ಮಾಡಿದರೆ ಮೊದಲ ಏಳೆಂಟು ಫ್ರೇಮ್ ಪೂರ್ತಿ ಹೊಗೆ. ಮಿಕ್ಕ ಫಿಲ್ಮುಗಳಲ್ಲಿ ಕ್ಯಾಸೆಟ್ಟಿನ ಬಾಯಿಯ ಮಖಮಲ್ಲು ಬೆಳಕು ತಡೆಯುತ್ತದೆ. ಇದರಲ್ಲಿ ಫಿಲ್ಮೇ ಕೊಳವೆ ಇದ್ದ ಹಾಗೆ, ಹೊರಗೆ ಚಾಚಿದ ತುದಿಯಿಂದ ಬೆಳಕನ್ನು ಒಳಗೆ ಎಳೆದುಕೊಂಡು ಹೋಗುತ್ತದೆ. ಉಳಿದ ಫ್ರೇಮುಗಳಲ್ಲಿ ಬಾತಿ ಗುಡ್ಡದ ಕಡೆಯ ಒಂದು ಆಲದ ಮರ ಬಂತು ನೋಡಿ, ಎಲೆಗಳ ಸುತ್ತಲಿನ ಆ ಪ್ರಭೆ ಇವತ್ತಿಗೂ ಕಣ್ಣಲ್ಲಿದೆ.

ಸುಣ್ಣ ಬಳಿದ ಹಾಗಿದೆ ಎಂದೆಯಲ್ಲ, ಅದಕ್ಕೆ ಕಾರಣ ಆ ಪ್ರಭೆ ಇಲ್ಲದಿರುವುದು. ಸಾಮಾನ್ಯ ಫಿಲ್ಮಿಗೆ ಒಂದು ಲೇಪ ಕೊಟ್ಟಿರುತ್ತಾರೆ. ಫಿಲ್ಮ್ ದಾಟಿ ಹೋದ ಬೆಳಕು ತಿರುಗಿ ಬರದ ಹಾಗೆ ಅದು ಹೀರಿಕೊಳ್ಳುತ್ತದೆ. ಎಚ್‌ಐಇಗೆ ಆ ಲೇಪ ಇರಲಿಲ್ಲ. ಬೆಳಕು ಹಿಂದಿನ ಲೋಹದ ತಟ್ಟೆಗೆ ಬಡಿದು ಮತ್ತೆ ಫಿಲ್ಮಿಗೆ ಬರುತ್ತಿತ್ತು. ಎಲ್ಲಿ ಜಾಸ್ತಿ ಬೆಳ್ಳಗಿದೆಯೋ ಅಲ್ಲಿ ಸುತ್ತ ಒಂದು ಮಂಜು. ಇನ್‌ಫ್ರಾರೆಡ್ ಅಂದರೆ ಈ ಮಂಜು ಇರಲೇಬೇಕು ಎಂದು ಜನ ತಿಳಿದಿದ್ದಾರೆ. ಅದು ಬೆಳಕಿನ ಗುಣ ಅಲ್ಲ, ಆ ಒಂದು ಫಿಲ್ಮಿನ ಗುಣ. ಇಲ್‌ಫೋರ್ಡ್ ಎಸ್‌ಎಫ್‌ಎಕ್ಸ್ 200ರಲ್ಲಿ ಹೀಗೆ ಬರುವುದಿಲ್ಲ. ಅದು ಇನ್‌ಫ್ರಾರೆಡ್ಡಿಗೆ ಹೊಸ್ತಿಲ ತನಕ ಮಾತ್ರ, 740ರ ಹತ್ತಿರಕ್ಕೆ ನಿಂತುಬಿಡುತ್ತದೆ.

ಏಳುಸುತ್ತು

ಸರ್, ನಮಸ್ಕಾರ. ಆ ಮಂಜನ್ನು ಕಂಪ್ಯೂಟರ್‌ನಲ್ಲಿ ತರಬಹುದಾ?

ಕತ್ತಲೆಕೋಣೆ

ಕಂಪ್ಯೂಟರ್ ಕೆಲಸ ನನ್ನ ಮೊಮ್ಮಗಳದ್ದು. ಅವಳು ಮಾಡಿದ್ದನ್ನು ನೋಡಿ ಹೇಳುತ್ತೇನೆ. ಇಡೀ ಫೋಟೋ ಮಬ್ಬು ಮಾಡಬಾರದು. ಬೆಳ್ಳಗಿರುವುದು ಮಾತ್ರ ಹರಡಬೇಕು. ಮೊದಲ ಸಲ ಅವಳು ಎಲ್ಲವನ್ನೂ ಮಬ್ಬು ಮಾಡಿದ್ದಳು, ಕನ್ನಡಕ ಒರೆಸಿಕೊಂಡು ನೋಡಿದೆ.

ಬೆಣ್ಣೆದೋಸೆ_50ಎಂಎಂ

ಸರ್ ಹೇಳಿದ್ದನ್ನು ಲೇಯರ್ ಭಾಷೆಯಲ್ಲಿ ಹೇಳುತ್ತೇನೆ. ಕಪ್ಪುಬಿಳುಪು ಆದ ಮೇಲೆ ಫೋಟೋದ ಒಂದು ನಕಲು ಲೇಯರ್ ಮಾಡಿ. ಅದರಲ್ಲಿ ಕರ್ವ್ಸ್ ಎಳೆದು ಬೆಳ್ಳಗಿರುವುದು ಬಿಟ್ಟು ಉಳಿದದ್ದೆಲ್ಲ ಕಪ್ಪು ಮಾಡಿ. ಆಮೇಲೆ ಗಾಸಿಯನ್ ಬ್ಲರ್. ಎಷ್ಟು ಪಿಕ್ಸೆಲ್ ಎಂದು ಕೇಳಬೇಡಿ, ಫೋಟೋದ ಸೈಜ್ ಮೇಲೆ ಹೋಗುತ್ತದೆ. ಒಂದು ರೆಂಬೆಯ ದಪ್ಪದಷ್ಟು ಹರಡಿದರೆ ಸಾಕು. ಬ್ಲೆಂಡ್ ಮೋಡ್ ಸ್ಕ್ರೀನ್, ಒಪಾಸಿಟಿ 30ರಿಂದ ಶುರು ಮಾಡಿ ಕೆಳಗೆ ಬನ್ನಿ.

ಗ್ರೇನ್, ಅಂದರೆ ಫಿಲ್ಮಿನಲ್ಲಿ ಕಾಣುವ ಮರಳಿನಂಥ ಕಣಗಳು, ಕಟ್ಟಕಡೆಗೆ. ಪ್ರಿಂಟ್ ಸೈಜಿಗೆ ತಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿ ಆಮೇಲೆ ಸೈಜ್ ಕಮ್ಮಿ ಮಾಡಿದರೆ ಗ್ರೇನ್ ಕರಗಿ ಹೋಗುತ್ತದೆ. ಬ್ಲರ್‌ಗಿಂತ ಮೊದಲು ಹಾಕಿದರೆ ಮಂಜಿನ ಜೊತೆ ಅದೂ ಮಬ್ಬಾಗುತ್ತದೆ.

ಆಕಾಶದ ಚೌಕಗಳ ಬಗ್ಗೆ: ನೀವು ಜೆಪೆಗ್‌ನಲ್ಲಿ ತೆಗೆದಿದ್ದೀರಿ ಅಲ್ವಾ?

ಏಳುಸುತ್ತು

ಹೌದು. ಕಾರ್ಡಿನಲ್ಲಿ ಜಾಗ ಇರಲಿಲ್ಲ.

ಬೆಣ್ಣೆದೋಸೆ_50ಎಂಎಂ

ಅದೇ ಮತ್ತೆ. ಜೆಪೆಗ್ ಫೋಟೋವನ್ನು 8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಬೆಳಕಿನ ವಿವರ ಉಳಿಸಿಕೊಂಡು ಬಣ್ಣದ ವಿವರವನ್ನು ಕಮ್ಮಿ ಮಾಡುತ್ತದೆ, ಕಣ್ಣಿಗೆ ಗೊತ್ತಾಗಲ್ಲ ಎಂದು. ನಾವು ಹಸಿರನ್ನು ದುಪ್ಪಟ್ಟು ಮಾಡಿ ನೀಲಿ ಕಳೆದಾಗ, ಅಡಗಿಸಿಟ್ಟಿದ್ದ ಆ ಕೊಳೆಯೆಲ್ಲ ಹೊರಗೆ ಬರುತ್ತದೆ. ಈ ಫೋಟೋಗೆ ಆಕಾಶದ ಮೇಲೆ ಮಾತ್ರ ಬಣ್ಣದ ನಾಯ್ಸ್ ಮೊದಲು ಇಳಿಸಿ. ಅಲ್ಲಿ ಮೈನಸ್ 100 ಬದಲು ಮೈನಸ್ 30 ಸಾಕು, ಆಗ ಹಸಿರನ್ನೂ 130ಕ್ಕೆ ಇಳಿಸಿ. ಬೇಕಾದಷ್ಟು ಕಪ್ಪನ್ನು ಗ್ರೇಡಿಯಂಟ್‌ನಿಂದ ತನ್ನಿ. ಮುಂದಿನ ಸಲ ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ರಾ ಫೈಲ್ ತೆಗೆಯಿರಿ. ಎಡಿಟ್ ಮಾಡುವಾಗ 16 ಬಿಟ್ ಇಟ್ಟುಕೊಳ್ಳಿ.

ಕುಂದವಾಡ_ಕೆರೆ

ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಲ್ಯಾಪ್‌ಟಾಪ್‌ನಲ್ಲಿ ಗಿಂಪ್ ಇದೆ. ಆಗುತ್ತದಾ?

ಬೆಣ್ಣೆದೋಸೆ_50ಎಂಎಂ

ಧಾರಾಳವಾಗಿ. ಗಿಂಪ್‌ನಲ್ಲಿ ಕಲರ್ಸ್ ಮೆನು, ಡಿಸ್ಯಾಚುರೇಟ್, ಅದರೊಳಗೆ ಮೊನೋ ಮಿಕ್ಸರ್. ಅಲ್ಲಿ 100ರ ಬದಲು 1 ಎಂದು ಬರೆಯುತ್ತಾರೆ. ಅಂದರೆ ಹಸಿರು 2, ನೀಲಿ ಮೈನಸ್ 1. ಫೋಟೋಶಾಪ್‌ನಷ್ಟೇ ಕಪ್ಪು ಬಿಳುಪು ಬರಬೇಕೆಂದಿಲ್ಲ, ಕಣ್ಣಿಗೆ ಸರಿ ಕಾಣುವ ತನಕ ಎಳೆದಾಡಿ. ಮೊಬೈಲ್ ಲೈಟ್‌ರೂಮ್‌ನಲ್ಲಿ ಕಪ್ಪುಬಿಳುಪು ಮಾಡಿ, ಹಳದಿ ಮತ್ತು ಹಸಿರು ಮೇಲೆ, ನೀಲಿ ಕೆಳಗೆ. ಅದರ ಜೊತೆ ವೈಟ್ ಬ್ಯಾಲೆನ್ಸ್ ಸ್ಲೈಡರ್ ಅಲ್ಲಾಡಿಸಿ ನೋಡಿ. ಫೋಟೋ ಕಪ್ಪುಬಿಳುಪೇ ಇದ್ದರೂ ಒಳಗೆ ಬಣ್ಣ ಜಾಗ ಬದಲಿಸುತ್ತದೆ, ಮರ ಇದ್ದಕ್ಕಿದ್ದ ಹಾಗೆ ಬೆಳಗುತ್ತದೆ.

ಕಳ್ಳಿಗಿಡ

ತೆಗೆಯುವಾಗಲೇ ಮಾಡಬೇಕಾದ ಒಂದು ಕೆಲಸವನ್ನು ಯಾರೂ ಹೇಳಲಿಲ್ಲ. ಪೋಲರೈಸರ್ ಫಿಲ್ಟರ್ ಹಾಕಿ. ಆಕಾಶ ಕಪ್ಪಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಎಲೆಯ ವಿಷಯ ಅದಕ್ಕಿಂತ ಮುಖ್ಯ. ಆಲ, ಮಾವು, ಹಲಸು ಇಂಥ ಎಲೆಗಳಿಗೆ ಮೇಣದ ಹೊಳಪು ಇರುತ್ತದೆ. ಆ ಹೊಳಪಿನಲ್ಲಿ ಕಾಣುವುದು ಎಲೆ ಅಲ್ಲ, ಆಕಾಶದ ಪ್ರತಿಬಿಂಬ. ಅದು ನೀಲಿ. ನೀವು ನೀಲಿ ಕಳೆದಾಗ ಎಲೆಯ ಮೇಲೆ ಕಪ್ಪು ತೇಪೆ ಬರುತ್ತದೆ. ಪೋಲರೈಸರ್ ಆ ಹೊಳಪನ್ನು ಕತ್ತರಿಸಿ ಒಳಗಿನ ಹಸಿರು ತೋರಿಸುತ್ತದೆ. ಹುಣಸೆ, ಬೇವಿನಂಥ ಸಣ್ಣ ಎಲೆಯ ಮರಗಳಲ್ಲಿ ಈ ತೊಂದರೆ ಕಡಿಮೆ. ನಮ್ಮ ದುರ್ಗದ ಗುಡ್ಡಗಳ ಸೀತಾಫಲವೂ ಪರವಾಗಿಲ್ಲ.

ಗಾಳಿಯಂತ್ರ

ಮೇಡಂ, ಇದು ನನಗೂ ಹೊಳೆದಿರಲಿಲ್ಲ.

ಈಗ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನೆ ಮಧ್ಯಾಹ್ನ, ನಿಜವಾದ ಇನ್‌ಫ್ರಾರೆಡ್‌ನಲ್ಲಿ ಹಸಿರು ಸೀರೆ ಎಲೆಯ ಹಾಗೆ ಬೆಳ್ಳಗಾಗದೆ ಬೂದು ಬರುತ್ತದೆ ಎಂದು ತೋರಿಸೋಣ ಅಂದುಕೊಂಡೆ. ಅಮ್ಮನ ನಾಲ್ಕು ಸೀರೆ ಹಿತ್ತಲಿನ ತಂತಿ ಮೇಲೆ ಹಾಕಿದೆ. ಒಂದು ಹಸಿರು ರೇಷ್ಮೆ, ಒಂದು ನೇರಳೆ, ಎರಡು ಹತ್ತಿ. ಜೊತೆಗೆ ನನ್ನದೇ ಕಪ್ಪು ಅಂಗಿ. ಬದಲಾಯಿಸಿದ ಕ್ಯಾಮೆರಾದಲ್ಲಿ ತೆಗೆದರೆ ಎಲ್ಲವೂ ಬೆಳ್ಳಗೆ! ಹಸಿರು ರೇಷ್ಮೆ ಹಿಂದಿನ ನುಗ್ಗೆ ಗಿಡಕ್ಕಿಂತ ಸ್ವಲ್ಪ ಕಮ್ಮಿ, ಅಷ್ಟೇ. ಕಪ್ಪು ಅಂಗಿಯೂ ಮಾಸಿದ ಬಿಳಿ. ಬಟ್ಟೆಗೆ ಹಾಕುವ ಬಹಳಷ್ಟು ಬಣ್ಣಗಳು ಇನ್‌ಫ್ರಾರೆಡ್‌ಗೆ ಗಾಜಿನ ಹಾಗೆ, ಒಳಗಿನ ನೂಲು ಕಾಣುತ್ತದೆ.

ಅಂದರೆ ಏಳುಸುತ್ತು ಅವರೇ, ನೀವು ಎಚ್‌ಐಇ ಫಿಲ್ಮಿನಲ್ಲೇ ತೆಗೆದಿದ್ದರೂ ಬಹುಶಃ ಅಜ್ಜಿಯಿಂದ ಬೈಗುಳ ತಪ್ಪುತ್ತಿರಲಿಲ್ಲ.

ಬೆಣ್ಣೆದೋಸೆ_50ಎಂಎಂ

ಹಹ್ಹಾ! ಹಾಗಾದರೆ ಪ್ರಿಸೆಟ್ ಗೊತ್ತಿಲ್ಲದೆಯೇ ಸರಿ ಮಾಡಿತ್ತು. ಈಗ ಸೀರೆ ಬೂದು ಮಾಡಿದರೆ ಅದು ಸುಳ್ಳು.

ಕಳ್ಳಿಗಿಡ

ಸುಳ್ಳೇ ಆಗಲಿ ಬಿಡಿ. ಗೋಡೆ ಮೇಲೆ ಇರಬೇಕಾದ ಫೋಟೋ ಅದು, ಪ್ರಯೋಗಶಾಲೆಗೆ ಹೋಗಬೇಕಾದದ್ದಲ್ಲ. ನಾಳೆ ಯಾರಾದರೂ ಇದನ್ನು ಇನ್‌ಫ್ರಾರೆಡ್‌ನಲ್ಲೇ ತೆಗೆದದ್ದು ಎಂದು ಸ್ಪರ್ಧೆಗೆ ಕಳಿಸಿದರೆ ಆಗ ನಾನೂ ತಕರಾರು ಮಾಡುತ್ತೇನೆ.

ಕುಂದವಾಡ_ಕೆರೆ

ಬಣ್ಣದ ಇನ್‌ಫ್ರಾರೆಡ್ ಒಂದಿರುತ್ತದಲ್ಲ, ಕಾಡೆಲ್ಲ ಗುಲಾಬಿ ಬಣ್ಣ. ಅದು?

ಗಾಳಿಯಂತ್ರ

ಕೊಡಾಕ್ ಏರೋಕ್ರೋಮ್. ವಿಮಾನದಿಂದ ಗಿಡಮರ ಗುರುತಿಸಲು, ಮರೆಮಾಚಿದ ಸೈನ್ಯ ಹುಡುಕಲು ಬಳಸುತ್ತಿದ್ದ ಜಾತಿಯ ಫಿಲ್ಮ್. ಅದರಲ್ಲಿ ಎಲ್ಲವೂ ಒಂದೊಂದು ಮೆಟ್ಟಿಲು ಸರಿಯುತ್ತದೆ. ಇನ್‌ಫ್ರಾರೆಡ್ ಕೆಂಪಾಗಿ, ಕೆಂಪು ಹಸಿರಾಗಿ, ಹಸಿರು ನೀಲಿಯಾಗಿ ಕಾಣುತ್ತದೆ. ನೀಲಿಗೆ ಜಾಗವೇ ಇಲ್ಲ, ಹಳದಿ ಫಿಲ್ಟರ್ ಹಾಕಿ ತಡೆಯುತ್ತಿದ್ದರು.

ಅದೇ ಲೆಕ್ಕ ಚಾನೆಲ್ ಮಿಕ್ಸರ್‌ಗೆ ಹಾಕಿ, ಮೊನೋಕ್ರೋಮ್ ಟಿಕ್ ತೆಗೆದು. ಕೆಂಪು ಔಟ್‌ಪುಟ್‌ಗೆ ಹಸಿರು 200, ನೀಲಿ ಮೈನಸ್ 100. ಹಸಿರು ಔಟ್‌ಪುಟ್‌ಗೆ ಕೆಂಪು 100. ನೀಲಿ ಔಟ್‌ಪುಟ್‌ಗೆ ಹಸಿರು 100. ಉಳಿದದ್ದೆಲ್ಲ 0. ಮೇಲೆ ಹೇಳಿದ ಹುಣಸೆ ಎಲೆ 170, 80, 110 ಆಗುತ್ತದೆ. ಪಕ್ಕಾ ಗುಲಾಬಿ. ನಮ್ಮ ಕೆಂಪು ಮಣ್ಣು ಮಾತ್ರ ಹಸಿರಿಗೆ ತಿರುಗುತ್ತದೆ, ಹೆದರಬೇಡಿ.

ನೀರಿನ ಫೋಟೋ ಮಾಡುವುದಾದರೆ ಇನ್ನೊಂದು ಮಾತು. ಸೂಳೆಕೆರೆ ಏರಿ ಮೇಲೆ ನಿಂತು ತೆಗೆದಾಗ ನನ್ನ ಕ್ಯಾಮೆರಾದಲ್ಲಿ ನೀರು ಡಾಂಬರಿನ ಹಾಗೆ ಬಂತು. ನೀರು ಇನ್‌ಫ್ರಾರೆಡ್ ನುಂಗುತ್ತದೆ, ಪ್ರತಿಬಿಂಬವಾಗಿ ಬೀಳುವ ಆಕಾಶವೂ ಕಪ್ಪೇ. ಎಡಿಟಿಂಗ್‌ನಲ್ಲಿ ಪಾಚಿ ಕಟ್ಟಿದ ಹೊಂಡ ಆಟದ ಮೈದಾನದ ಹಾಗೆ ಬೆಳ್ಳಗಾಗುತ್ತದೆ. ಏಳುಸುತ್ತು ಅವರೇ, ನಿಮ್ಮ ಗೋಪಾಲಸ್ವಾಮಿ ಹೊಂಡದ ನೀರನ್ನೂ ಒಮ್ಮೆ ನೋಡಿ.

ಏಳುಸುತ್ತು

ನೋಡಿದೆ. ನೀರು ಬೆಳ್ಳಗೇ ಇತ್ತು, ಇಷ್ಟು ದಿನ ಯಾರಿಗೂ ಕಂಡಿರಲಿಲ್ಲ!

ಭಾನುವಾರ ಪೂರ್ತಿ ಕೂತು ಮತ್ತೆ ಮಾಡಿದೆ. ಎಲೆಗೆ ಒಂದು ಮಿಕ್ಸರ್, ಆಕಾಶಕ್ಕೆ ಒಂದು, ಮುಖಕ್ಕೆ ಒಂದು. ಹೊಂಡದ ನೀರನ್ನು ಕೈಯಾರೆ ಕಪ್ಪು ಮಾಡಿದೆ. ಸೀರೆ 134ಕ್ಕೆ ತಂದರೆ ಸ್ವಲ್ಪ ಮಂಕು ಅನ್ನಿಸಿತು, ಒಂದಿಷ್ಟು ಕಾಂಟ್ರಾಸ್ಟ್ ಕೊಟ್ಟೆ, ಈಗ ಜರಿ ಅಂಚು ಎದ್ದು ಕಾಣುತ್ತದೆ. ಕತ್ತಲೆಕೋಣೆ ಸರ್ ಹೇಳಿದ ಮಂಜು ಹಾಕುವಾಗ ಕೈ ಹಿಡಿತ ತಪ್ಪಿ ಎರಡು ಸಲ ಜಾಸ್ತಿ ಆಯಿತು. ಮೂರನೆಯ ಸಲ ಒಪಾಸಿಟಿ 18ರಲ್ಲಿ ನಿಲ್ಲಿಸಿದೆ. ಗ್ರೇನ್ ಕೊನೆಗೆ. ಆಕಾಶದ ಚೌಕ ಇನ್ನೂ ಒಂದೆರಡು ಕಡೆ ಇವೆ, ಗ್ರೇನ್ ಅದನ್ನು ಮುಚ್ಚಿದೆ ಅಂದುಕೊಂಡಿದ್ದೇನೆ.

ಹೊಸ ಪ್ರಿಂಟ್ ಬಂತು. ಅಜ್ಜಿ ಕನ್ನಡಕ ಹಾಕಿಕೊಂಡು ಸೀರೆ ನೋಡಿದಳು, ತಲೆ ಆಡಿಸಿದಳು. ತಂಗಿಯ ಮುಖ ನೋಡಿದಳು, ದೃಷ್ಟಿ ತೆಗೆದಳು. ಆಮೇಲೆ ಹಿಂದಿನ ಮರಗಳ ಮೇಲೆ ಬೆರಳಿಟ್ಟು ಕೇಳಿದಳು: "ಈ ಗಿಡಕ್ಕೆಲ್ಲ ಬೂದಿ ರೋಗ ಬಂದೈತಲ್ಲೋ, ಔಷಧಿ ಹೊಡೆಯೋರು ಯಾರೂ ಇಲ್ಲೇನು ಅಲ್ಲಿ?"